ಮೂಡಲಪಾಳ್ಯದ ತಾರಸಿಯಿಂದ ನೈರೋಬಿ ಫೋನು

ನನಗೆ ಕನ್ನಡ ಚೆನ್ನಾಗಿ ಬರುತ್ತದೆ ಎಂಬ ವಿಷಯದಲ್ಲಿ ನನಗೆ ಲವಲೇಶವೂ ಅನುಮಾನವಿರಲಿಲ್ಲ. ಹುಟ್ಟಿ ಬೆಳೆದದ್ದು ನೈರೋಬಿಯಲ್ಲಿ, ನಿಜ. ಆದರೆ ಅಪ್ಪ ಅಮ್ಮ ಕೆಲಸಕ್ಕೆ ಹೋದ ಮೇಲೆ ನನ್ನನ್ನು ನೋಡಿಕೊಂಡವಳು ಅಮ್ಮನ ಅಮ್ಮ, ಗೌರಜ್ಜಿ. ಮೂಡಲಪಾಳ್ಯ ಇನ್ನೂ ರಾಗಿ ಹೊಲವಾಗಿದ್ದಾಗ ಅಲ್ಲಿ ಕಳೆ ಕಿತ್ತವಳು. ಅವಳು ಇಂಗ್ಲಿಷೂ ಕಲಿಯಲಿಲ್ಲ, ಸ್ವಾಹಿಲಿಯೂ ಕಲಿಯಲಿಲ್ಲ. ಹಾಗಾಗಿ ನಾನೇ ಕನ್ನಡ ಕಲಿಯಬೇಕಾಯಿತು. ಕೆಂಗೇರಿಯ ಕಾಲೇಜಿನಲ್ಲಿ ಸೀಟು ಸಿಕ್ಕಾಗ, ಬೇರೆ ಬೇರೆ ದೇಶಗಳಿಗೆ ಓದಲು ಹೊರಟಿದ್ದ ಗೆಳತಿಯರನ್ನು ಕಂಡು ನನಗೆ ಕನಿಕರ. ಪಾಪ, ಅವರು ಪರದೇಶಕ್ಕೆ ಹೋಗುತ್ತಾರೆ. ನಾನು ನಮ್ಮೂರಿಗೆ!

ಬಂದ ದಿನವೇ ಬಸ್ಸಿನಲ್ಲಿ ಕಂಡಕ್ಟರನಿಗೆ, "ಲೋ ಮಗಾ, ಕೆಂಗೇರಿ ಬಂದಾಗ ಒಸಿ ಹೇಳಪ್ಪ, ನಿನ್ ಹೊಟ್ಟೆ ತಣ್ಣಗಿರ್ಲಿ" ಎಂದೆ. ನನ್ನ ಅಪ್ಪನ ವಯಸ್ಸಿನ ಆತ ಒಂದು ಕ್ಷಣ ನೋಡಿ, "ಆಯ್ತಜ್ಜಿ" ಎಂದ. ಇಡೀ ಬಸ್ಸು ನಕ್ಕಿತು. ನಾನೂ ನಕ್ಕೆ, ಯಾಕೆಂದು ತಿಳಿಯದೆ.

ತಿಳಿಸಿದವಳು ರೂಮಿನ ಗೆಳತಿ ರಮ್ಯಾ. "ನೀನ್ ಯಾಕೇ ನಮ್ಮಜ್ಜಿ ಥರ ಮಾತಾಡ್ತೀಯ? ಕೂತ್ಕೊಳ್ಳೋವಾಗ ಯಾಕೆ 'ಶಿವನೇ' ಅಂತೀಯ?"

ಕುಳಿತುಕೊಳ್ಳುವಾಗ ಹಾಗೆ ಹೇಳುವುದು ಕನ್ನಡ ವ್ಯಾಕರಣದ ನಿಯಮವೆಂದೇ ನಾನು ತಿಳಿದಿದ್ದೆ!

ಸಂಜೆಯ ಹೊತ್ತಿಗೆ ಹಾಸ್ಟೆಲಿನಲ್ಲಿ ನನ್ನ ಹೆಸರು 'ಅಜ್ಜಿ' ಎಂದಾಯಿತು. ಅವರು ಪ್ರೀತಿಯಿಂದಲೇ ಕರೆಯುತ್ತಿದ್ದರು. ಆದರೆ ಯಾರಾದರೂ ಕಾರಿಡಾರಿನಲ್ಲಿ "ಅಜ್ಜೀ" ಎಂದು ಕೂಗಿದರೆ ನಾನು ಓಗೊಡುವ ಬದಲು ಹಿಂದೆ ತಿರುಗಿ ನೋಡುತ್ತಿದ್ದೆ. ಗೌರಜ್ಜಿ ತೀರಿಕೊಂಡು ಐದು ತಿಂಗಳಾಗಿತ್ತು. ಅವಳು ಹೋದಾಗ ಅಮ್ಮ ಅತ್ತಳು, ಎಂದೂ ಅಳದ ಅಪ್ಪನೂ ಅತ್ತರು. ನನಗೆ ಮಾತ್ರ ಅಳು ಬಂದಿರಲಿಲ್ಲ.

ಮೊದಲ ಭಾನುವಾರ ಮೂಡಲಪಾಳ್ಯಕ್ಕೆ ಹೊರಟೆ. ಅಲ್ಲಿ ಅಜ್ಜಿಯ ತಂಗಿ, ಚಿಕ್ಕಜ್ಜಿ ಇದ್ದಾಳೆ. ಎರಡು ಕಣ್ಣೂ ಹೋಗಿ ಬಹಳ ವರ್ಷವಾಗಿದೆ. ಅವಳ ಮಗ ಶಿವಣ್ಣ ಮಾವ ಬಸ್ ಸ್ಟಾಪಿಗೇ ಬಂದು, ದಾರಿಯಲ್ಲಿ ನಿಲ್ಲಿಸಿಕೊಂಡು ಹೇಳಿದರು:

"ನೋಡು ಪುಟ್ಟಾ, ದೊಡ್ಡಮ್ಮ ಹೋಗಿದ್ದು ನಮ್ಮಮ್ಮಂಗೆ ಗೊತ್ತಿಲ್ಲ. ಆಗ ಅವರಿಗೇ ಹಾರ್ಟ್ ಆಪರೇಷನ್ ಆಗಿತ್ತು, ಡಾಕ್ಟ್ರು ಹೇಳ್ಬೇಡಿ ಅಂದ್ರು. ಆಮೇಲೆ ನಮಗೇ ಧೈರ್ಯ ಬರ್ಲಿಲ್ಲ. ದೊಡ್ಡಮ್ಮಂಗೆ ಗಂಟಲು ಆಪರೇಷನ್ ಆಗಿದೆ, ಮಾತಾಡೋ ಹಾಗಿಲ್ಲ ಅಂತ ದಿನ ತಳ್ತಾ ಇದೀವಿ. ಕೇಳಿದ್ರೆ 'ಚೆನ್ನಾಗವ್ರೆ' ಅನ್ನು. ಅಷ್ಟೇ."

"ಅಷ್ಟೇನಾ? ಬಿಡಿ ಮಾವ, ನಾನಿದೀನಿ!"

ಒಂದು ಪದದ ಕೆಲಸ. ಅದನ್ನು ನಾನು ನಿರ್ವಹಿಸಿದ ರೀತಿಯನ್ನು ಕೇಳಿ.

ಚಿಕ್ಕಜ್ಜಿ ಬಾಗಿಲ ಪಕ್ಕದ ಮಂಚದಲ್ಲಿ ಕುಳಿತು, ಬೆರಳಲ್ಲೇ ತಡವುತ್ತ ಅವರೆಕಾಯಿ ಸುಲಿಯುತ್ತಿದ್ದಳು. ನಾನು ಒಳಗೆ ಹೋದವಳೇ, "ಏನೇ, ಹೆಂಗಿದೀಯೇ? ಉಂಡ್ಯಾ?" ಎಂದೆ. ಅಜ್ಜಿ ಫೋನಿನಲ್ಲಿ ತಂಗಿಗೆ ಹೀಗೇ ಅಲ್ಲವೇ ಕೇಳುತ್ತಿದ್ದದ್ದು? ನಾನು ಕಲಿತದ್ದೂ ಅದನ್ನೇ.

ಚಿಕ್ಕಜ್ಜಿಯ ಕೈ ನಿಂತಿತು. "ಅಕ್ಕಾ?"

"ಅಕ್ಕ ಅಲ್ಲಮ್ಮ, ಅಕ್ಕನ ಮೊಮ್ಮಗಳು" ಎಂದರು ಮಾವ ಗಾಬರಿಯಿಂದ. ಚಿಕ್ಕಜ್ಜಿ ನನ್ನನ್ನು ಹತ್ತಿರ ಕೂರಿಸಿಕೊಂಡು ಮುಖವನ್ನೆಲ್ಲ ಸವರಿದಳು.

"ಅಕ್ಕನ ಗಂಟಲು ಹೆಂಗೈತವ್ವ?"

'ಚೆನ್ನಾಗವ್ರೆ' ಎಂದು ನಿಲ್ಲಿಸಬಹುದಿತ್ತು. ಆದರೆ ಅವಳ ಮುಖದಲ್ಲಿದ್ದ ಆಸೆ ನೋಡಿ ನನಗೆ ಧಾರಾಳತನ ಉಕ್ಕಿತು. "ಓ, ಪೂರ್ತಿ ವಾಸಿ! ಬಾಯಿ ಮುಚ್ಚೋದೇ ಇಲ್ಲ!"

ಮಾವ ಹಣೆ ಹಿಡಿದುಕೊಂಡರು.

"ಹಂಗಾರೆ ಫೋನ್ ಮಾಡ್ಕೊಡು."

"ಈಗ ಅಲ್ಲಿ ರಾತ್ರಿ ಅಜ್ಜಿ, ಮಲಗಿರ್ತಾಳೆ."

"ಯಾವ್ ರಾತ್ರಿನೇ? ನಾವು ಊಟಕ್ಕೆ ಕೂತಾಗ ಅಲ್ಲಿ ತಿಂಡಿ ತಿಂತಾರೆ. ನಂಗೊತ್ತಿಲ್ವಾ?"

ಆಗ ನನ್ನ ತಲೆಗೆ ಆ ಮಹಾ ಉಪಾಯ ಹೊಳೆಯಿತು. ಇಲ್ಲಿ ಸಿಗ್ನಲ್ ಇಲ್ಲ, ತಾರಸಿಗೆ ಹೋಗಿ ಲೈನ್ ಹಾಕಿಕೊಡುತ್ತೇನೆ ಎಂದು ಹೇಳಿ ಮೆಟ್ಟಿಲು ಹತ್ತಿದೆ. ಮಾವ ಬೇಡ ಬೇಡವೆಂದು ಕೈ ಆಡಿಸುತ್ತಲೇ ಇದ್ದರು. ಮೇಲಿನಿಂದ ಅವರ ಮೊಬೈಲಿಗೆ ಫೋನ್ ಮಾಡಿದೆ. ಬೇರೆ ದಾರಿ ಕಾಣದೆ ಅವರು ಸ್ಪೀಕರ್ ಹಾಕಿ ಚಿಕ್ಕಜ್ಜಿಯ ಕೈಗೆ ಕೊಟ್ಟರು. ನಾನು ದುಪಟ್ಟಾವನ್ನು ತಲೆ ಮೇಲೆ ಸೆರಗಿನಂತೆ ಎಳೆದುಕೊಂಡೆ. ಪಾತ್ರಕ್ಕೆ ಜೀವ ತುಂಬಬೇಕಲ್ಲ!

"ಅಕ್ಕಾ, ನಿನ್ ಮೊಮ್ಮಗಳು ಬಂದವ್ಳೆ. ಕಡ್ಡಿ ಆಗವ್ಳೆ. ಊಟ ಹಾಕ್ತಿರ್ಲಿಲ್ವಾ ನೀನು?"

"ಹಾಕ್ತಿದ್ದೆ ಕಣೇ. ಆ ಮೂದೇವಿ ತಿನ್ಬೇಕಲ್ಲ!"

ಮೂದೇವಿ. ಐದು ತಿಂಗಳಿಂದ ನನ್ನನ್ನು ಯಾರೂ ಹಾಗೆ ಬೈದಿರಲಿಲ್ಲ. ಈಗ ಅದು ನನ್ನ ಬಾಯಿಂದಲೇ ಬಂತು.

ಚಿಕ್ಕಜ್ಜಿ ಮಾತಾಡುತ್ತ ಹೋದಳು. ಹೊಲದ ಬದುವಿನ ಹೊಂಗೆಮರ ಕಡಿದರಂತೆ. ಸೊಸೆ ಸುಜಾತ ಸಾರಿಗೆ ನೀರು ಹೊಯ್ಯುತ್ತಾಳಂತೆ. ಇದನ್ನು ಅವಳು ಪಿಸುದನಿಯಲ್ಲಿ ಹೇಳಿದಳು. ಸುಜಾತತ್ತೆ ಪಕ್ಕದಲ್ಲೇ ನಿಂತಿದ್ದರು. ನಾನು ಹೂಂಗುಟ್ಟುತ್ತಾ ಕೇಳಿದೆ. ಕೊನೆಗೆ ಅವಳ ದನಿ ಸಣ್ಣದಾಯಿತು.

"ಅಕ್ಕಾ, ಯಾವಾಗ ಬತ್ತೀಯ? ಒಂದ್ಸಲ ಬಂದೋಗು. ಕಣ್ ಕಾಣಲ್ಲ, ಮುಟ್ಟಾದ್ರೂ ನೋಡ್ತೀನಿ."

ಅಲ್ಲಿಗೆ ನನ್ನ ನಾಟಕ ಮುಗಿಯಿತು. ಅಷ್ಟು ತಿಂಗಳು ಬಾರದಿದ್ದ ಅಳು ಒಟ್ಟಿಗೇ ಬಂತು. ಅದೂ ಅಜ್ಜಿಯ ದನಿಯಲ್ಲೇ! "ಬರಾಕಾಗಲ್ಲ ಕಣೇ... ಬರಾಕಾಗಲ್ಲ..." ಎನ್ನುತ್ತ ನೀರಿನ ಟ್ಯಾಂಕಿಗೆ ಒರಗಿ ಕುಸಿದೆ.

ಪಕ್ಕದ ತಾರಸಿಯಲ್ಲಿ ಸರೋಜಾ ಆಂಟಿ ಸಂಡಿಗೆ ಇಡುತ್ತಿದ್ದದ್ದನ್ನು ನಾನು ಗಮನಿಸಿರಲಿಲ್ಲ. ಅವರು ನನ್ನನ್ನು ಬಹಳ ಹೊತ್ತಿನಿಂದ ಗಮನಿಸಿದ್ದರು.

"ಅಯ್ಯಯ್ಯೋ! ಶಿವಣ್ಣಾ! ಸುಜಾತಾ! ಓಡ್ಬನ್ನಿ! ಸತ್ತೋದ ಗೌರಮ್ಮ ಈ ಹುಡುಗಿ ಮೈಮೇಲೆ ಬಂದವ್ರೆ!"

ಆ ಕೂಗು ಕೆಳಗೆ ಕುಳಿತಿದ್ದ ಚಿಕ್ಕಜ್ಜಿಗೆ ಎರಡು ಸಲ ಕೇಳಿಸಿತು. ಒಂದು ಸಲ ಫೋನಿನಲ್ಲಿ, ಇನ್ನೊಂದು ಸಲ ಮೆಟ್ಟಿಲ ಕಡೆಯಿಂದ.

ನಾನು ಬಿದ್ದೆನೋ ಎದ್ದೆನೋ ಎಂದು ಕೆಳಗೆ ಓಡಿದೆ. ಅಷ್ಟರಲ್ಲಿ ಸರೋಜಾ ಆಂಟಿ ಬೇವಿನ ಸೊಪ್ಪು ಹಿಡಿದು ಬಾಗಿಲಿಗೇ ಬಂದು, ನನ್ನ ಬೆನ್ನಿಗೆ ಎರಡು ಬಾರಿಸಿದರು. "ಹೇಳು, ಯಾಕ್ ಬಂದೆ? ಯಾಕ್ ಬಂದೆ?"

"ಓದೋಕೆ ಬಂದೆ ಆಂಟಿ!"

"ಸುಮ್ನಿರು ಸರೋಜ" ಎಂದಳು ಚಿಕ್ಕಜ್ಜಿ.

ಅವಳು ಫೋನನ್ನು ಮೆಲ್ಲಗೆ ಮಂಚದ ಮೇಲಿಟ್ಟಳು.

"ಯಾವಾಗ?"

ನಾನೇ ಹೇಳಿದೆ. "ಐದು ತಿಂಗಳಾಯ್ತು ಅಜ್ಜಿ."

"ನೋವು ತಿಂದ್ಲಾ?"

"ಇಲ್ಲ. ನಿದ್ದೇಲೇ ಹೋದ್ಲು."

ಅಂದು ಅವಳಿಗೆ ನಾನು ಹೇಳಿದ ಮೊದಲ ಎರಡು ನಿಜ ಅವು. ಚಿಕ್ಕಜ್ಜಿ ಅಳಲಿಲ್ಲ. ಮಾವ ಅಂದುಕೊಂಡಂತೆ ಎದೆ ಹಿಡಿದುಕೊಂಡು ಬೀಳಲೂ ಇಲ್ಲ. "ಸುಜಾತ, ನೀರು ಕಾಯ್ಸವ್ವ. ತಲೆ ಮೇಲೆ ಹುಯ್ಕೋಬೇಕು" ಎಂದಳು. ಐದು ತಿಂಗಳ ಹಿಂದೆ ಮಾಡಬೇಕಿದ್ದ ಸ್ನಾನವನ್ನು ಅಂದು ಮಾಡಿದಳು. ಮಾವ ಮಾತ್ರ ಬಚ್ಚಲಿನ ಬಾಗಿಲಲ್ಲಿ ಟವೆಲ್ ಹಿಡಿದು ನಿಂತು, ಚಿಕ್ಕ ಮಗುವಿನಂತೆ ಅತ್ತರು.

ನಾನು ಅವಳ ಒದ್ದೆ ಕೂದಲು ಒರೆಸುತ್ತ ಕುಳಿತೆ. ಕ್ಷಮೆ ಕೇಳಲು ಅಜ್ಜಿ ನನಗೆ ಕನ್ನಡ ಕಲಿಸಿರಲಿಲ್ಲ. ಅವಳು ಯಾರಲ್ಲೂ ಕ್ಷಮೆ ಕೇಳಿದವಳಲ್ಲ. ಕೂದಲು ಅರ್ಧ ಆರಿದ ಮೇಲೆ ಚಿಕ್ಕಜ್ಜಿ ನನ್ನ ಮುಂಗೈ ಹಿಡಿದಳು.

"ಇನ್ನೊಂದ್ಸಲ ಅವಳ ಥರ ಮಾತಾಡೇ."

ಪ್ರಯತ್ನಪಟ್ಟೆ. ನಿಜಕ್ಕೂ ಪಟ್ಟೆ. ಒಂದು ವಾರದಿಂದ ಕೇಳದೆಯೇ ಹೊರಬರುತ್ತಿದ್ದ ಆ ದನಿ, ಕೇಳಿದಾಗ ಬರಲಿಲ್ಲ. ಹೊರಬಿದ್ದದ್ದು ಮೇಕೆಮರಿಯ ಕೂಗಿನಂಥ ಏನೋ ಒಂದು.

"ಹೋಗ್ಲಿ ಬಿಡು" ಎಂದು ಅವಳು ನನ್ನ ಕೈ ತಟ್ಟಿದಳು. ಆಗ ಅವಳ ಕಣ್ಣು ತುಂಬಿತ್ತು. "ನಂಗಾದ್ರೂ ಬುದ್ಧಿ ಬೇಡ್ವಾ? ಹುಟ್ಟಿದಾಗ್ಲಿಂದ ನಮ್ಮಕ್ಕ ಯಾವತ್ತಾದ್ರೂ ಅಷ್ಟೊತ್ತು ನನ್ ಮಾತು ಕೇಳಿಸ್ಕೊಂಡವ್ಳಾ? ಆಗ್ಲೇ ಗೊತ್ತಾಗ್ಬೇಕಿತ್ತು."

ಅಂದರೆ, ಮಾತಾಡಿ ಕೆಡಿಸಿದ್ದು ಸಾಲದೆಂದು ನಾನು ಸುಮ್ಮನಿದ್ದೂ ಕೆಡಿಸಿದ್ದೆ!