ಸ್ವಲ್ಪ ಸರಕೊಂಡು ಕುಂದರ್ರಿ

ನಮ್ಮ ಚಿಗವ್ವ ಅಡುಗೆಮನೆಯಲ್ಲಿ ಡಬ್ಬಿ ಜೋಡಿಸುತ್ತಿರಲಿಲ್ಲ. ಡಬ್ಬಿಗಳಿಗೆ ಸಂಬಂಧ ಕುದುರಿಸುತ್ತಿದ್ದಳು! ನಂಬುವುದಿಲ್ಲವೇ? ಗೋಕಾಕಿನ ಆ ಮನೆಯಲ್ಲಿ ನೀವು ಒಮ್ಮೆ ಉಪ್ಪು ಹುಡುಕಿದ್ದರೆ ನಂಬುತ್ತಿದ್ದಿರಿ.

ಚಿಗವ್ವ ಅಂದರೆ ನನ್ನ ತಾಯಿಯ ತಂಗಿ. ನನಗೆ ತಿಳಿವಳಿಕೆ ಬರುವ ಮೊದಲೇ ತಾಯಿ ತೀರಿಕೊಂಡಳು, ಸಾಕಿದವಳು ಇವಳೇ. ಬೇರೆಯವರ ಮನೆಯಲ್ಲಿ ದೊಡ್ಡ ಡಬ್ಬಿ ಹಿಂದೆ, ಸಣ್ಣ ಡಬ್ಬಿ ಮುಂದೆ. ಇವಳದು ಹಾಗಲ್ಲ. ಯಾರಿಗೆ ಯಾರು ಹೊಂದುತ್ತಾರೆ, ಯಾರಿಗೆ ಯಾರನ್ನು ಕಂಡರಾಗದು, ಅದೇ ಲೆಕ್ಕ. ಸಾಸಿವೆ, ಜೀರಿಗೆ ಗೆಳತಿಯರು. ಒಂದೇ ಕಡೆ ಇರಬೇಕು. ಇಂಗಿನದು ಬಲು ದೊಡ್ಡ ಬಾಯಿ, ಅದು ಮೂಲೆಗೆ. ನಿನ್ನೆಯ ಸಾರು ಕೆಟ್ಟಿತೋ, ಇವತ್ತು ಎಲ್ಲರ ಜಾಗವೂ ಬದಲು! ಹೊಸ ಡಬ್ಬಿ ಬಂದರೆ ಹಳೆಯವಕ್ಕೆ ಅಪ್ಪಣೆಯಾಗುತ್ತಿತ್ತು: “ಸ್ವಲ್ಪ ಸರಕೊಂಡು ಕುಂದರ್ರಿ, ಬೆಲ್ಲ ಬಂದೈತಿ.” ಆ ಮನೆಯಲ್ಲಿ ಅವಳಿಂದ ‘ರಿ’ ಅನ್ನಿಸಿಕೊಂಡವರು ಕಾಕಾ ಮತ್ತು ಡಬ್ಬಿಗಳು ಮಾತ್ರ.

ಕಾಕಾ, ಅಂದರೆ ಅವಳ ಗಂಡ, ಸಾಲಿ ಮಾಸ್ತರರು. ಯುದ್ಧದ ಕಾಲ, ಸಕ್ಕರೆಗೆ ರೇಷನ್. “ಸಕ್ಕರಿಗೆ ಭಾಳ ಸೊಕ್ಕ ಬಂದೈತಿ, ಉಪ್ಪಿನ ಬಾಜೂಕ ಕುಂದ್ರಲಿ, ಬುದ್ಧಿ ಬರತೈತಿ” ಎಂದು ಚಿಗವ್ವ ತೀರ್ಪು ಕೊಟ್ಟಳು. ಅದೇ ದಿನ ಸಾಲಿ ತಪಾಸಣೆಗೆ ಬಂದ ಸಾಹೇಬರನ್ನು ಕಾಕಾ ಮನೆಗೆ ಕರೆತಂದು, ತಾವೇ ಚಹಾ ಮಾಡಿ ಕೊಟ್ಟರು. ಸಾಹೇಬರು ಒಂದು ಗುಟುಕು ಕುಡಿದು ಮುಖ ಹಿಂಡಿದರು. “ಮಾಸ್ತರ, ನಾ ಇನ್ನಾ ನಿಮ್ಮ ತಪ್ಪ ತಗದೇ ಇಲ್ಲ, ಆಗ್ಲೇ ಸೇಡ ತೀರಿಸ್ಕೊಂಡ್ರೇನ್ರಿ?”

ಕಾಕಾ ರೊಚ್ಚಿಗೆದ್ದು ಮರುದಿನವೇ ಎಲ್ಲವನ್ನೂ ಅಕ್ಷರಮಾಲೆಯಂತೆ ಇಟ್ಟರು. ಅಕ್ಕಿ, ಅರಿಷಿಣ, ಇಂಗು, ಉಪ್ಪು… ಆಹಾ, ಸಾಲಿಯ ಹುಡುಗರಿಗಿಂತ ನೆಟ್ಟಗೆ ಸಾಲು! ಕೊನೆಗೆ ‘ಹ’ ಬಂತು. ಹಾಲಿನ ಪಕ್ಕದಲ್ಲೇ ಹುಣಸೆಹಣ್ಣು!

“ಹಾಲಿನ ಬಾಜೂಕ ಹುಣಸಿ ಇಡೂದ ಯಾವ ಸಾಲ್ಯಾಗ ಕಲಿಸ್ತಾರ್ರಿ?” ಎಂದಳು ಚಿಗವ್ವ. ಸಂಜೆಗೆ ಹಾಲು ಒಡೆಯಿತು. ಬಿಸಿಲಿಗೋ, ಹುಣಸೆಗೋ, ದೇವರೇ ಬಲ್ಲ! ಕಾಕಾ ಆಮೇಲೆ ಅಡುಗೆಮನೆಯ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ನೀವು ನಗುತ್ತೀರಿ. ನಾನು ಮೊದಲೇ ಪುಕ್ಕಲಿ. ಚಿಗವ್ವ ಹೊಸ್ತಿಲು ದಾಟಿ ಹೋದರೆ ಸಾಕು, ಈ ಮನೆಯಲ್ಲಿ ಏನು ಎಲ್ಲಿದೆಯೋ ಎಂಬ ಹೆದರಿಕೆ. ಬಾಣಂತನಕ್ಕೆಂದು ಮೂಡಲಗಿಯ ಗಂಡನ ಮನೆಯಿಂದ ಬಂದಿದ್ದೆ. ಕೂಸಿಗೆ ಎರಡು ತಿಂಗಳು. ಆಗಲೇ ಹತ್ತರಗಿಯಲ್ಲಿ ಬೀಗರ ಮನೆಯ ಬಸುರಿಯ ಸೀಮಂತ, ನಮ್ಮ ಕಡೆಯ ಕುಬಸ, ಬರಬೇಕೇ! “ಹೋಗಬ್ಯಾಡ ಚಿಗವ್ವಾ” ಎಂದೆ. “ಸಂಜೀ ಮೋಟಾರಿಗೆ ಬಂದ್ ಬಿಡ್ತೇನಿ, ಅಷ್ಟರಾಗ ಏನ್ ಮುಳುಗತೈತಿ?” ಎಂದು ಹೋದಳು.

ಮಧ್ಯಾಹ್ನ ಕೂಸು ಕಿರುಚತೊಡಗಿತು. ಹೊಟ್ಟೆ ಕಲ್ಲಿನಂತೆ ಬಿಗಿದಿದೆ, ಕಾಲು ಮಡಚುತ್ತದೆ, ಅತ್ತು ಅತ್ತು ತುಟಿ ನೀಲಿ. ಕೂಸನ್ನೆತ್ತಿಕೊಂಡು ಕಾಕಾನ ಬಳಿ ಓಡಿದೆ. “ಬಜಿ ತೇದು ಹೊಟ್ಟಿಗಿ ಹಚ್ಚವ್ವಾ!” ಎಂದರು ಕಾಕಾ. ಸರಿ, ಆ ಬಜೆಯ ಬೇರು ಎಲ್ಲಿ? ಅಂಗಡಿಗೆ ಓಡಿದರೆ ಬೀಗ. ಅಂಗಡಿಯವನೂ ಅದೇ ಕುಬಸಕ್ಕೆ ಹೋಗಿದ್ದ! ಓಣಿಯ ಹೆಂಗಸರೂ ಅದೇ ಮೋಟಾರಿನಲ್ಲಿ!

ಶುಂಠಿಯ ಪಕ್ಕ ನೋಡಿದೆ, ಅಜವಾನದ ಹಿಂದೆ ನೋಡಿದೆ. ಇಲ್ಲ. ಕಾಕಾ ದೇವರ ಜಗಲಿಯನ್ನೂ ಜಾಲಾಡಿದರು; ವಿಭೂತಿ ಮೀಸೆಗೆಲ್ಲ ಬಳಿದುಕೊಂಡು ನಿಂತಿದ್ದರು. ಕೂಸಿನ ದನಿ ಸಣ್ಣಗಾಗುತ್ತ ಬಂತು. ಕಿರುಚಿದರೆ ಒಂದು ಭಯ, ಕಿರುಚದಿದ್ದರೆ ಹತ್ತು ಭಯ! ಕೂಸನ್ನು ಅವಚಿಕೊಂಡು ಮೊದಲ ಸಲ ಚಿಗವ್ವನ ಲೆಕ್ಕದಲ್ಲಿ ಯೋಚಿಸಿದೆ. ಬಜೆಗೆ ಯಾರು ಹೊಂದುತ್ತಾರೆ? ನಾಲಗೆ ತಿರುಗಲಿ ಎಂದು ಮಾತು ಬಾರದ ಕೂಸಿಗೆ ಬಜೆ ನೆಕ್ಕಿಸುತ್ತಾರೆ. ಈ ಮನೆಯಲ್ಲಿ ಹಿಂದೆ ಹಾಗೆ ಮಾತು ಬಾರದ ಕೂಸು ಯಾವುದಿತ್ತು?

ನಾನೇ! ಮೂರು ತುಂಬಿದರೂ ನನಗೆ ಮಾತು ಬಂದಿರಲಿಲ್ಲವಂತೆ.

ಓಡಿಹೋಗಿ, ನನ್ನ ಕೂಸುತನದ ಬಟ್ಟೆ ಇಟ್ಟಿದ್ದ ಚಿಗವ್ವನ ಟ್ರಂಕು ತೆಗೆದೆ. ತಳದಲ್ಲಿ, ಕೂಸಾಗಿದ್ದಾಗ ನನ್ನ ತಲೆಗೆ ಕಟ್ಟುತ್ತಿದ್ದ ಹಳೆಯ ಕುಂಚಿಗೆ ಇತ್ತು. ನನ್ನ ತಾಯಿ ತನ್ನ ಸೀರೆಯ ಅಂಚಿನಿಂದ ಹೊಲಿದಿದ್ದು. ಅದರ ಮಡಿಕೆಯೊಳಗೆ, ತೇಯ್ದು ತೇಯ್ದು ಹೆಬ್ಬೆರಳಿನಷ್ಟಾದ ಬಜೆ ಬೆಚ್ಚಗೆ ಕೂತಿತ್ತು.

ತೇಯ್ದು ಹಚ್ಚಿದೆವು. ಸ್ವಲ್ಪ ಹೊತ್ತಿಗೆ ಕೂಸು ಜೋರಾಗಿ ಗಾಳಿ ಬಿಟ್ಟಿತು. “ಶಿವಶಿವಾ, ಇಂಥಾ ಮಂಗಳವಾದ್ಯ ಕೇಳಿದ್ದಿಲ್ಲ!” ಎಂದು ಕಾಕಾ ಕಣ್ಣೊರೆಸಿಕೊಂಡರು.

ಸಂಜೆ ಬಂದ ಚಿಗವ್ವ ಮೊದಲು ಕೂಸಿನ ಹೊಟ್ಟೆ ಮುಟ್ಟಿ ನೋಡಿದಳು, ಆಮೇಲೆ ತೆರೆದ ಟ್ರಂಕು ನೋಡಿದಳು. “ಬಜಿ ಅಲ್ಲಿ ಐತಿ ಅಂತ ಯಾರ್ ಹೇಳಿದ್ರು ನಿನಗ?”

“ಯಾರೂ ಇಲ್ಲ. ಯಾರಿಗೆ ಯಾರ ಅಂತ ನೋಡಿದೆ, ಅವ್ವಾ.”

ಆ ಮಾತಿಗೆ ಅವಳು ಬೆಚ್ಚಿದಳು. ನಾನು ಸಣ್ಣವಳಿದ್ದಾಗಿನಿಂದ ‘ಅವ್ವಾ’ ಎಂದು ಕರೆಯಲು ನನ್ನನ್ನು ಬಿಟ್ಟವಳೇ ಅಲ್ಲ. ಈಗಲೂ ಮುಖ ತಿರುಗಿಸಿ ಯಾವಾಗಲೂ ಹೇಳುವುದನ್ನೇ ಹೇಳಿದಳು: “ಅವ್ವನ ಜಾಗಾ ನಮ್ಮಕ್ಕಂದು. ನಾ ಬಾಜೂಕ ಕುಂತೇನಿ, ಸಾಕು.”

ನಾನು ಕುಂಚಿಗೆಯನ್ನು ಅವಳ ಮಡಿಲಲ್ಲಿಟ್ಟೆ. ಅದನ್ನು ಹೊಲಿದ ತಾಯಿಗೆ ಕೇಳಿಸುವಂತೆ, ಆ ಕುಂಚಿಗೆಗೇ ಹೇಳಿದೆ:

“ಯವ್ವಾ, ಸ್ವಲ್ಪ ಸರಕೊಂಡು ಕುಂದರ. ಚಿಗವ್ವ ಬಂದಾಳ.”