ದೊಡ್ಡಪ್ಪನಿಗೆ ಇಟ್ಟ ನೂಡಲ್ಸು

ಒಂದು ವಂಶದಲ್ಲಿ ಮೊದಲ ಸಲ ಪದವಿ ಪಡೆದವನು ಹೆಂಡತಿ ಮಕ್ಕಳಿಗೆ ಮಾತ್ರ ಸೇರಿದವನಲ್ಲ, ಊರಿನ ಬಾವಿಯ ಹಾಗೆ ಎಲ್ಲರಿಗೂ ಸೇರಿದವನು. ಇದನ್ನು ನಾನು ದೂರಿನ ಧಾಟಿಯಲ್ಲಿ ಹೇಳುತ್ತಿದ್ದರೂ ಒಳಗೊಳಗೆ ಹೆಮ್ಮೆಯೇ. ನಮ್ಮ ಕಡೆ ಯಾರ ಪಹಣಿಯಲ್ಲಿ ಹೆಸರು ತಪ್ಪಿದರೂ, ಯಾರಿಗೆ ಜ್ವರ ಇಳಿಯದಿದ್ದರೂ, ಯಾರ ಮಗ ಪೊಲೀಸು ಠಾಣೆಯ ಬೆಂಚಿನ ಮೇಲೆ ಕೂತಿದ್ದರೂ, ಮೊದಲು ಬರುವ ಮಾತು, “ಆ ಬಿ.ಎ. ಮಾಡಿದವನನ್ನ ಕರೀರಿ.” ನಾನು ಓದಿದ್ದು ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ. ಈ ಮೂರರಲ್ಲಿ ಯಾವುದನ್ನು ತಿರುವಿ ಹಾಕಿದರೂ ಹೊಟ್ಟೆಯ ಸ್ಕ್ಯಾನಿಂಗ್ ವರದಿ ಅರ್ಥವಾಗುವುದಿಲ್ಲ. ಆದರೂ ನಾನು ವರದಿಯನ್ನು ಬೆಳಕಿಗೆ ಹಿಡಿದು, ಹುಬ್ಬು ಗಂಟಿಕ್ಕಿ, “ಹೂಂ” ಅನ್ನುತ್ತೇನೆ. ಆ “ಹೂಂ” ಕೇಳಿದರೆ ಸಾಕು, ರೋಗಿಗೆ ಅರ್ಧ ಸಮಾಧಾನ. ಹೀಗೆ “ಹೂಂ” ಅನ್ನುತ್ತಲೇ ನಾನು ನಮ್ಮ ಬಳಗದ ಮೂರ್ನಾಲ್ಕು ಜನರನ್ನು ಆಚೆ ಲೋಕಕ್ಕೆ ದಾಟಿಸಿದ್ದೇನೆ.

ದೊಡ್ಡಪ್ಪನೂ ಅವರಲ್ಲಿ ಒಬ್ಬ. ಅಪ್ಪನ ಅಣ್ಣ. ಮದುವೆಯಾಗಲಿಲ್ಲ. ಮುತ್ತಿನಕೊಪ್ಪದ ಸುತ್ತಿನ ತೋಟಗಳಲ್ಲಿ ಅಪ್ಪನ ಜೊತೆ ಕೂಲಿ ಮಾಡಿ, ನಮ್ಮ ಮನೆಯಲ್ಲೇ ಉಂಡು ಮಲಗಿದವನು. ನನ್ನ ಪದವಿ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ದೇವರ ಪಟಗಳ ಸಾಲಿನಲ್ಲಿ ನೇತುಹಾಕಿದವನು ಅವನೇ. ಕರೆಂಟು ಮೀಟರು ನೋಡಲು ಬಂದವನನ್ನೂ ಒಳಗೆ ಕರೆದು ತೋರಿಸುತ್ತಿದ್ದ. ಅವನ ಜೊತೆ ಬಸ್ಸು ಹತ್ತುವುದೆಂದರೆ ನನಗೆ ಸಂಕಟ. ಕಂಡಕ್ಟರು ಬಂದು “ಎಲ್ಲಿಗೆ?” ಅಂದರೆ ದೊಡ್ಡಪ್ಪ, “ಎರಡು ನರಸಿಂಹರಾಜಪುರ. ಇವ ಬಿ.ಎ.” ಅನ್ನುತ್ತಿದ್ದ. ಬಿ.ಎ.ಗೆ ಟಿಕೇಟಿನಲ್ಲಿ ರಿಯಾಯಿತಿ ಇಲ್ಲ ಎಂದು ಒಬ್ಬ ಕಂಡಕ್ಟರು ಹೇಳಿದ್ದಕ್ಕೆ, “ಇಲ್ಲದಿದ್ರೆ ಬೇಡ ಮಾರಾಯ, ನಿಂಗೆ ಗೊತ್ತಿರ್ಲಿ ಅಂತ ಹೇಳಿದ್ದು” ಅಂದ.

ಮೊಬೈಲು ಇನ್ನೂ ಹೊಸದಾಗಿದ್ದ ಕಾಲ. ನಮ್ಮ ಕೇರಿಯಲ್ಲಿ ಗುಡ್ಡ ಹತ್ತಿದರೆ ಮಾತ್ರ ಅದು ಮಾತಾಡುತ್ತಿತ್ತು. ದೊಡ್ಡಪ್ಪನ ಹೊಟ್ಟೆ ಊದಿಕೊಂಡು, ಕೊಪ್ಪ, ಶಿವಮೊಗ್ಗ ಎಲ್ಲ ಮುಗಿದು, ಕಡೆಗೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಜೊತೆಗೆ ಅಪ್ಪ ಮತ್ತು ನಾನು. ಕೊಪ್ಪದ ಕಚೇರಿಯೊಂದರಲ್ಲಿ ದ್ವಿತೀಯ ದರ್ಜೆ ಸಹಾಯಕನಾಗಿದ್ದ ನಾನು ಉಳಿದಿದ್ದ ರಜೆಗಳನ್ನೆಲ್ಲ ಬರೆದುಕೊಟ್ಟು ಬಂದಿದ್ದೆ. ಒಂಬತ್ತು ದಿನ ಕಳೆಯಿತು. ಹತ್ತನೆಯ ದಿನ ಬೆಳಿಗ್ಗೆ ಏಳು ಗಂಟೆಗೆ ಅಪ್ಪ ತನ್ನ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದ. ಏಳೂವರೆಗೆ ದೊಡ್ಡಪ್ಪ ಹೋದ. ಅವನು ಅರ್ಧ ಗಂಟೆ ಮೊದಲೇ ಹೋಗಿದ್ದರೆ ಅಪ್ಪ ಮಾತ್ರೆ ನುಂಗುತ್ತಿರಲಿಲ್ಲ, ನಾನು ಇದನ್ನು ಬರೆಯುವ ಪ್ರಮೇಯವೂ ಬರುತ್ತಿರಲಿಲ್ಲ.

ತೊಡಕು ಏನೆಂದರೆ, ನಮ್ಮಲ್ಲಿ ಕಿಚ್ಚು ಇಡುವವನು ಉಪವಾಸ ಇರಬೇಕು. ಹೆಣ ಸುಡುವ ತನಕ ನೀರು ಬಿಟ್ಟು ಬೇರೇನೂ ಬಾಯಿಗೆ ಹೋಗಬಾರದು. ಮಕ್ಕಳಿಲ್ಲದ ದೊಡ್ಡಪ್ಪನಿಗೆ ಕಿಚ್ಚಿಡಬೇಕಾದವನು ತಮ್ಮ, ಅಂದರೆ ಅಪ್ಪ. ಆಸ್ಪತ್ರೆಯ ಕಾಗದಗಳೆಲ್ಲ ಮುಗಿಯಲು ಮಧ್ಯಾಹ್ನ ಒಂದು ಗಂಟೆಯಾಗುತ್ತದೆ ಎಂದರು. ಅಲ್ಲಿಂದ ಊರಿಗೆ ಏಳು ತಾಸಿನ ದಾರಿ. ಮಾತ್ರೆ ನುಂಗಿ ಉಣ್ಣದೆ ಕೂತರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಹಿಂದೊಮ್ಮೆ ಗದ್ದೆಯ ಬದುವಿನಲ್ಲಿ ಅಪ್ಪ ಹಾಗೆಯೇ ಬಿದ್ದಿದ್ದ, ಹಲ್ಲು ಕಚ್ಚಿಕೊಂಡಿದ್ದ. ಹನ್ನೊಂದು ಗಂಟೆಯ ಹೊತ್ತಿಗೆ ಅವನ ಹಣೆಯ ಮೇಲೆ ಬೆವರು. ಕೈ ನಡುಗಲು ಶುರು. ಸಕ್ಕರೆ ತಂದುಕೊಟ್ಟರೆ ಬಾಯಿ ತೆರೆಯಲಿಲ್ಲ.

“ಅಪ್ಪ, ನೀನು ಬಿದ್ರೆ ಎರಡು ಗಾಡಿ ಮಾಡಬೇಕಾಗ್ತದೆ” ಅಂದೆ. ಅಂಥ ಹೊತ್ತಿನಲ್ಲಿ ಆಡಬಾರದ ಮಾತು. ಆದರೆ ಅದೇ ನಾಟಿತು.

ಅಪ್ಪ ಹೆಗಲ ಟವೆಲ್ಲಿನಿಂದ ಹಣೆ ಒರೆಸಿಕೊಂಡ. ಆಮೇಲೆ, “ಹಂಗಾದ್ರೆ ನೀನು ಉಪವಾಸ ಇರು. ನೀನೇ ಕಿಚ್ಚು ಇಡು. ಅಣ್ಣಂಗೆ ನೀನೂ ಮಗನೇ ಅಲ್ದಾ. ನಾನು ಒಂದು ತುತ್ತು ತಿಂತೀನಿ” ಅಂದ. ನಾನು ತಕ್ಷಣ ಒಪ್ಪಿದೆ. ಓದಿದವನಿಗೆ ಉಪವಾಸದಲ್ಲಿ ನಂಬಿಕೆ ಇಲ್ಲ, ಹಾಗಾಗಿ ಒಪ್ಪಿಕೊಳ್ಳುವುದು ಸುಲಭ. ಹಿಂದಿನ ರಾತ್ರಿ ನಾನೂ ಉಂಡಿರಲಿಲ್ಲ ಎಂಬುದು ಆಗ ನೆನಪಿಗೆ ಬರಲಿಲ್ಲ.

ಆಸ್ಪತ್ರೆಯ ಕ್ಯಾಂಟೀನು ಅಪ್ಪನಿಗೆ ಆಗಲಿಲ್ಲ. ಹೆಣ ಇರುವ ಮಾಡಿನಡಿಯಲ್ಲಿ ಒಲೆ ಹೊತ್ತಿಸಿ ಬೇಯಿಸಿದ್ದನ್ನು ತಿನ್ನುವುದುಂಟೇ? ಹೊರಗೆ ಬಂದರೆ ರಸ್ತೆಯ ಆಚೆ ಬದಿಗೆ ಒಂದೇ ಹೋಟೆಲು ಕಂಡಿತು. ಹಳೆಯ ಹಂಚಿನ ಕಟ್ಟಡ, ಬಣ್ಣ ಮಾಸಿದ ಕೆಂಪು ಬಾಗಿಲು, ಮೇಲೆ ಬಾಲ ಸುತ್ತಿಕೊಂಡ ಹಾವಿನಂಥ ಪ್ರಾಣಿಯ ಚಿತ್ರ. ಬಾಗಿಲ ಎರಡೂ ಕಡೆ ಕೆಂಪು ಕಾಗದದ ಬುಟ್ಟಿದೀಪಗಳು ತೂಗುತ್ತಿದ್ದವು. ಅಪ್ಪನ ಕಾಲು ಮುಂದೆ ಹೋಗುವಂತಿರಲಿಲ್ಲ. ಚೀನಾ ಆದರೇನು, ಜಪಾನ್ ಆದರೇನು, ಅಲ್ಲಿಗೇ ನುಗ್ಗಿದೆವು.

ಒಳಗೆ ಕತ್ತಲು. “ಎಂಥ ಮಾರಾಯ ಇದು, ಹಗಲು ಹೊತ್ತಲ್ಲೂ ಕತ್ತಲೆ ಮಾಡ್ಕೊಂಡು ಕೂತಿದಾರೆ. ಇಲ್ಲೂ ಯಾರಾದ್ರೂ ಹೋಗಿದಾರಾ?” ಅಂದ ಅಪ್ಪ. ನಾವೇ ಆ ದಿನದ ಮೊದಲ ಗಿರಾಕಿಗಳು. ಮೂಲೆಯಲ್ಲಿ ಒಂದು ಗಾಜಿನ ತೊಟ್ಟಿ, ಅದರೊಳಗೆ ಒಂದೇ ಮೀನು, ಅದೂ ನಮ್ಮನ್ನು ಕಂಡು ಬೇಸರವಾದಂತೆ ತಿರುಗಿ ನಿಂತಿತು. ಗಲ್ಲಾದ ಹಿಂದಿನಿಂದ ಎಪ್ಪತ್ತು ದಾಟಿದ ಚೀನೀ ಹೆಂಗಸು ಎದ್ದು ಬಂದಳು. ಕತ್ತಿನವರೆಗೆ ಕತ್ತರಿಸಿದ ಬೆಳ್ಳಗಿನ ಕೂದಲು, ಹೂವಿನ ನೈಟಿಯಂಥ ಉಡುಪು. ನಾನು ನನ್ನ ಇಂಗ್ಲಿಷನ್ನು ಗಂಟಲಿನಲ್ಲಿ ಜೋಡಿಸಿಕೊಳ್ಳುತ್ತಿರುವಾಗಲೇ ಅವಳು, “ಬನ್ನಿ ಅಣ್ಣ, ಫ್ಯಾನ್ ಕೆಳಗಡೆ ಕೂತ್ಕೊಳ್ಳಿ, ಯಜಮಾನ್ರಿಗೆ ಸುಸ್ತಾಗಿರೋ ಹಂಗಿದೆ” ಅಂದಳು. ಹುಟ್ಟಿದ್ದು ಬೆಳೆದದ್ದು ಅದೇ ರಸ್ತೆಯಲ್ಲಂತೆ. ನನ್ನ ಇಂಗ್ಲಿಷು ಅಲ್ಲೇ ಉಳಿಯಿತು.

ಕಾರ್ಡು ತಂದುಕೊಟ್ಟಳು. ನೂರಾರು ತಿಂಡಿಗಳು, ಪ್ರತಿಯೊಂದಕ್ಕೂ ಒಂದು ಸಂಖ್ಯೆ. ನಾನು ಅಭ್ಯಾಸಬಲದಿಂದ ಅದನ್ನು ಬೆಳಕಿಗೆ ಹಿಡಿದು “ಹೂಂ” ಅಂದೆ. ಅಪ್ಪನಿಗೆ ಧೈರ್ಯ ಬಂತು. “ಅನ್ನ ಬೇಡ ಮಾರಾಯ. ಅಣ್ಣ ಅಲ್ಲಿರುವಾಗ ಅನ್ನ ಹೆಂಗೆ ಉಣ್ಣೋದು” ಅಂದ. ಹಾಗಾಗಿ ತರಕಾರಿ ನೂಡಲ್ಸು ಹೇಳಿದೆ. ನೂಡಲ್ಸು ಅನ್ನವಲ್ಲ, ಚಪಾತಿಯಲ್ಲ, ನಮ್ಮ ಯಾವ ಶಾಸ್ತ್ರದಲ್ಲೂ ಅದರ ಹೆಸರಿಲ್ಲ, ಆದ್ದರಿಂದ ನಿಷೇಧವೂ ಇಲ್ಲ. ಈ ವಾದವನ್ನು ಅಪ್ಪನ ಮುಂದಿಟ್ಟೆ. ಅರ್ಥಶಾಸ್ತ್ರ ಓದಿದ್ದು ಸಾರ್ಥಕವಾಯಿತು ಅನಿಸಿತು.

ತಟ್ಟೆ ಬಂತು. ಹಬೆಯಾಡುವ ನೂಡಲ್ಸು, ಮೇಲೆ ಎಲೆಕೋಸು, ಕ್ಯಾರೆಟ್ಟು, ಈರುಳ್ಳಿಯ ಹಸಿರು ದಂಟು. ಬೆಳ್ಳುಳ್ಳಿಯ ಪರಿಮಳ ನನ್ನ ಮೂಗಿನೊಳಗೆ ನೇರವಾಗಿ ನಡೆದು ಬಂತು. ನನ್ನ ಎದುರಿನ ಖಾಲಿ ತಟ್ಟೆಯನ್ನು ನಾನು ಬೋರಲು ಹಾಕಿ ಕೂತಿದ್ದೆ. ಅಪ್ಪ ಚಮಚ ಎತ್ತಿದವನು ಹಾಗೇ ಇಟ್ಟ. ಅವನ ಕಣ್ಣು ಗಲ್ಲಾದ ಮೇಲಿನ ಗೋಡೆಯ ಮೇಲಿತ್ತು. ಅಲ್ಲಿ ಒಬ್ಬ ಚೀನೀ ಮುದುಕನ ಪಟ. ಅದರ ಮುಂದೆ ಊದಿನಕಡ್ಡಿ, ಎರಡು ಕಿತ್ತಳೆ, ಪುಟ್ಟ ಬಟ್ಟಲಲ್ಲಿ ಚಹಾ, ಇನ್ನೊಂದರಲ್ಲಿ ಏನೋ ತಿಂಡಿ.

“ಯಾರಮ್ಮಾ ಅದು?” ಅಂದ ಅಪ್ಪ.

“ನಮ್ಮಪ್ಪ. ಈ ಹೋಟ್ಲು ಹಾಕಿದ್ದು ಅವರೇ. ದಿನಾ ಅವರಿಗಿಟ್ಟು ಆಮೇಲೇ ನಮ್ಮದು.”

ಅಪ್ಪ ಕೂತಲ್ಲಿಂದಲೇ ಕೈ ಮುಗಿದ. “ನೋಡ್ದ್ಯಾ,” ಅಂದ ನನಗೆ, “ಎಲ್ಲಿಯ ಚೀನಾ, ಎಲ್ಲಿಯ ನಾವು. ಹಿರಿಯರಿಗೆ ಇಟ್ಟೇ ಉಣ್ತಾರೆ. ನಾನು ಅಣ್ಣನ್ನ ಬಿಟ್ಟು ತಿನ್ನಕ್ಕೆ ಹೊರಟಿದೀನಲ್ಲ, ನಾನೆಂಥ ಮನುಷ್ಯ.” ಅಷ್ಟು ಹೇಳಿ ಒಂದು ಚಿಕ್ಕ ತಟ್ಟೆ ಕೇಳಿ ತರಿಸಿಕೊಂಡು, ನೂಡಲ್ಸಿನಲ್ಲಿ ಮೂರನೇ ಒಂದು ಭಾಗ ಅದಕ್ಕೆ ಹಾಕಿ ನನ್ನ ಕೈಗಿಟ್ಟ. “ಹಿಂದ್ಗಡೆ ಎಲ್ಲಾದ್ರೂ ಇಟ್ಟು ಬಾ. ಕಾಗೆ ಮುಟ್ಟಿದ ಮೇಲೆ ನಾನು ತಿಂತೀನಿ.”

ಸತ್ತವರಿಗೆ ಎಡೆ ಇಡುವುದು ಸುಟ್ಟ ಮೇಲೆ, ಮೂರನೆಯ ದಿನ. ಕಾಗೆ ಮುಟ್ಟಿದರೆ ಸತ್ತವನಿಗೆ ತೃಪ್ತಿ. ಮುಟ್ಟುವ ತನಕ ಮನೆಯವರು ಉಣ್ಣುವಂತಿಲ್ಲ. ಸುಡುವ ಮೊದಲೇ ಎಡೆ ಇಟ್ಟವರು ನಮ್ಮ ಕುಲದಲ್ಲಿ ಯಾರೂ ಇಲ್ಲ. ಅದನ್ನು ಹೇಳಲು ಬಾಯಿ ತೆರೆದೆ. ಅಪ್ಪನ ಕೈ ಮೇಜಿನ ಮೇಲೆ ತಾಳ ಹಾಕಿದ ಹಾಗೆ ನಡುಗುತ್ತಿತ್ತು. ವಾದಕ್ಕೆ ಸಮಯವಿರಲಿಲ್ಲ.

ಅಡುಗೆಮನೆ ಹಾದು ಹಿಂದಿನ ಓಣಿಗೆ ಬಂದೆ. ಗ್ಯಾಸು ಸಿಲಿಂಡರುಗಳು, ಎಲೆಕೋಸಿನ ಮೂಟೆಗಳು, ಒಂದು ಮೋಟು ಕಾಂಪೌಂಡು. ಗೋಡೆಯ ಮೇಲೆ ತಟ್ಟೆ ಇಟ್ಟು ಹಿಂದೆ ಸರಿದು ನಿಂತೆ. ಕಾಗೆ ಇಲ್ಲ. ಮುತ್ತಿನಕೊಪ್ಪದಲ್ಲಿ ಬೇಡ ಬೇಡ ಎಂದರೂ ಒಣಹಾಕಿದ ಹಪ್ಪಳದ ಮೇಲೆ ಎರಗುವ ಜಾತಿ, ಈ ಮಹಾನಗರದಲ್ಲಿ ಒಂದೂ ಇಲ್ಲ. ಎರಡು ಪಾರಿವಾಳ ಬಂದವು. ಪಾರಿವಾಳಕ್ಕೆ ನಮ್ಮಲ್ಲಿ ಅಧಿಕಾರವಿಲ್ಲ, ಓಡಿಸಿದೆ. ಒಂದು ಬೆಕ್ಕು ಬಂತು, ಅದನ್ನೂ ಓಡಿಸಿದೆ. ಕಡೆಗೆ ನಾನೇ ಎರಡು ಕೈ ಬಾಯಿಗೆ ಹಿಡಿದು “ಕಾ... ಕಾ...” ಎಂದು ಕರೆದೆ. ವಿಶ್ವವಿದ್ಯಾಲಯದ ಪದವೀಧರ, ಎರಡನೇ ದರ್ಜೆಯಲ್ಲಿ ತೇರ್ಗಡೆಯಾದವನು. ಒಳಗೆ ಬಾಣಲೆ ಆಡಿಸುತ್ತಿದ್ದ ಅಡುಗೆಯವನು ಕಿಟಕಿಯಿಂದ ತಲೆ ಹಾಕಿ ನೋಡಿ, ಮತ್ತೆ ಬಾಣಲೆಯ ಕಡೆಗೇ ತಿರುಗಿದ. ಆಸ್ಪತ್ರೆಯ ಎದುರು ಹೋಟೆಲು ಇಟ್ಟವರು ಬಹಳ ನೋಡಿರುತ್ತಾರೆ.

ಐದು ನಿಮಿಷವಾಯಿತು. ಒಳಗೆ ಅಪ್ಪ ಬಿದ್ದೇಬಿಟ್ಟನೋ ಏನೋ. ನೂಡಲ್ಸನ್ನು ಕಸದ ಡಬ್ಬಿಗೆ ಸುರಿದು “ಕಾಗೆ ಬಂತು” ಎಂದರೆ ಮುಗಿಯುತ್ತಿತ್ತು. ದೊಡ್ಡಪ್ಪನ ಪಾಲನ್ನು ಕಸಕ್ಕೆ ಹಾಕಲು ಕೈ ಬರಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ನಿಜ ಹೇಳಬೇಕೆಂದರೆ ನನಗೆ ಹಸಿವಾಗಿತ್ತು. ಗೋಡೆಗೆ ಮುಖ ಮಾಡಿ, ಬೆರಳಿನಿಂದ ಬಾಚಿ, ನಾಲ್ಕು ತುತ್ತಿಗೆ ಮುಗಿಸಿದೆ. ಎಷ್ಟು ರುಚಿಯಾಗಿತ್ತು ಎಂದು ಬರೆಯಲು ನಾಚಿಕೆಯಾಗುತ್ತದೆ. ರಸ್ತೆಯ ಆಚೆ ತಣ್ಣಗಿನ ಕೋಣೆಯೊಂದರಲ್ಲಿ ದೊಡ್ಡಪ್ಪ ಮಲಗಿದ್ದ, ಇಲ್ಲಿ ನಾನು ಅವನ ತಟ್ಟೆಯ ತಳಕ್ಕೆ ಅಂಟಿದ್ದ ಕ್ಯಾರೆಟ್ಟಿನ ಚೂರನ್ನೂ ಬಿಡಲಿಲ್ಲ.

ಕೈ ಬಾಯಿ ತೊಳೆದು ಖಾಲಿ ತಟ್ಟೆ ಹಿಡಿದು ಹೋದೆ. “ಬಂತಾ?” ಅಂದ ಅಪ್ಪ.

“ಬಂತು.”

“ಎಷ್ಟು ತಿಂತು?”

“ಪೂರಾ.”

ಅಪ್ಪನ ಕಣ್ಣಲ್ಲಿ ಅಲ್ಲಿಯವರೆಗೆ ಬಾರದ ನೀರು ಬಂತು. “ಅಣ್ಣಂಗೆ ಮನಸ್ಸಲ್ಲಿ ಎಂಥದ್ದೂ ಉಳಿದಿಲ್ಲ ಹಂಗಾದ್ರೆ” ಅಂದ. ಆಮೇಲೆ ತಲೆ ತಗ್ಗಿಸಿ ಗಬಗಬನೆ ತಿಂದ. ಹತ್ತು ನಿಮಿಷಕ್ಕೆ ಕೈಯ ನಡುಕ ನಿಂತಿತು. ಮುದುಕಿ ನನ್ನ ಬೋರಲು ತಟ್ಟೆ ನೋಡಿ, “ನೀವು ಏನೂ ತಗೊಳ್ಳಲ್ವಾ?” ಅಂದಳು. ನಾನು ಉತ್ತರಿಸುವ ಮೊದಲೇ ಅಪ್ಪ, “ಅವ ಕಿಚ್ಚಿಡೋನು ಅಮ್ಮಾ, ಉಪವಾಸ” ಅಂದ. ಅವಳು ನನ್ನ ಗಲ್ಲದ ಕಡೆ ಒಂದು ಸಲ ನೋಡಿದಳು. ಒಂದು ಕಾಗದದ ಕರವಸ್ತ್ರ ತಂದು ನನ್ನ ಮುಂದೆ ಇಟ್ಟು ಗಲ್ಲಾದ ಕಡೆ ಹೋದಳು. ಒರೆಸಿಕೊಂಡರೆ ಕಾಗದಕ್ಕೆ ಎಣ್ಣೆ ಹತ್ತಿತು.

ಊರು ಮುಟ್ಟಿದಾಗ ಎಂಟು ಗಂಟೆ. ಸೌದೆ ಒಟ್ಟಿಟ್ಟು ಕಾಯುತ್ತಿದ್ದರು. ನಮ್ಮ ಕುಲದ ಹಿರಿಯ ತಿಮ್ಮಜ್ಜ ಕೊಳ್ಳಿಯನ್ನು ನನ್ನ ಕೈಗೆ ಕೊಡುವ ಮೊದಲು ಎಲ್ಲರ ಮುಂದೆ, “ಎಂಥ ತಮ್ಮ, ಬಾಯಿಗೆ ಎಂಥದಾದ್ರೂ ಹಾಕಿದ್ಯಾ?” ಎಂದು ಕೇಳಿದ. ಬೇಕಿದ್ದರೆ ಆಗಲೂ ಹೇಳಬಹುದಿತ್ತು. ಉಪವಾಸವಿದ್ದ ದಾಯಾದಿಗಳು ಇಬ್ಬರು ಅಲ್ಲೇ ನಿಂತಿದ್ದರು, ಹೇಳಿದ್ದರೆ ಅವರಲ್ಲೊಬ್ಬ ಕಿಚ್ಚಿಡುತ್ತಿದ್ದ. ನನ್ನ ನಾಲಿಗೆ ಹೊರಳುವ ಮೊದಲೇ ಅಪ್ಪ ಮುಂದೆ ಬಂದ. “ಹೋಟೆಲೊಳಗೆ ನನ್ನ ಎದುರಿಗೆ ತಟ್ಟೆ ಬೋರಲು ಹಾಕ್ಕೊಂಡು ಕೂತಿದ್ದ ಮಾರಾಯ. ಬಿ.ಎ. ಮಾಡಿದೀನಿ ಅಂತ ಒಂಚೂರು ಸೊಕ್ಕಿಲ್ಲ.” ತಿಮ್ಮಜ್ಜ ನನ್ನ ಬೆನ್ನು ತಟ್ಟಿ ಕೊಳ್ಳಿ ಕೊಟ್ಟ. ನಾನು ಇಟ್ಟ ಕಿಚ್ಚು ಒಂದೇ ಸಲಕ್ಕೆ ಹತ್ತಿಕೊಂಡಿತು. ಸೌದೆ ಒಣಗಿತ್ತು.

ಆವತ್ತಿನಿಂದ, ಕೆಲಸ ಬಿದ್ದಾಗ ಬಿಟ್ಟರೆ, ನಮ್ಮ ಕಡೆ ನನ್ನ ಪದವಿಯ ಸುದ್ದಿ ಯಾರೂ ಎತ್ತುವುದಿಲ್ಲ. “ಬೆಂಗಳೂರಿಂದ ಊರ ತನಕ ತುತ್ತು ಮುಟ್ಟದೆ ಉಪವಾಸ ಬಂದವನು” ಎಂದೇ ನನ್ನ ಪರಿಚಯ. ಹದಿನೈದು ವರ್ಷ ಕಷ್ಟಪಟ್ಟು ಓದಿ ಗಳಿಸಿದ್ದಕ್ಕಿಂತ ಮಾಡದೇ ಇದ್ದ ಒಂದು ಉಪವಾಸಕ್ಕೆ ಹೆಚ್ಚು ಮರ್ಯಾದೆ ಸಿಕ್ಕಿತು. ಅದನ್ನಾದರೂ ಸಹಿಸಬಹುದಿತ್ತು. ಆದರೆ ಅಪ್ಪ ಇನ್ನೊಂದು ತೀರ್ಮಾನಕ್ಕೆ ಬಂದುಬಿಟ್ಟಿದ್ದಾನೆ. ದೊಡ್ಡಪ್ಪನ ವರ್ಷದ ದಿನ ಎಡೆಗೆ ಕಡುಬು, ಕೋಳಿಸಾರು ಏನೇ ಇರಲಿ, ನೂಡಲ್ಸು ಇರಲೇಬೇಕು. “ಅಣ್ಣ ಕಡೇ ಸಲ ಆಸೆಪಟ್ಟು ತಿಂದದ್ದು ಅದನ್ನೇ” ಎಂದು ಅವನ ವಾದ. ನನ್ನ ಹೆಂಡತಿ ಕೊಪ್ಪದ ಅಂಗಡಿಯಿಂದ ಪೊಟ್ಟಣ ತಂದು ಮಾಡುತ್ತಾಳೆ. ಹಿತ್ತಿಲ ಕಲ್ಲಿನ ಮೇಲೆ ಎಡೆ ಇಟ್ಟರೆ ನಮ್ಮೂರ ಕಾಗೆ ಕಡುಬು ಎತ್ತಿಕೊಂಡು ಹೋಗುತ್ತದೆ, ನೂಡಲ್ಸಿನ ಕಡೆ ಕತ್ತು ಓರೆ ಮಾಡಿ ನೋಡಿ ಬಿಟ್ಟು ಹಾರುತ್ತದೆ. ಅಪ್ಪನಿಗೆ ಕಡುಬಿನ ಲೆಕ್ಕ ಬೇಡ. “ನೂಡಲ್ಸು ಮುಟ್ಟಿತಾ?” ಎಂದು ಒಳಗಿನಿಂದ ಕೂಗುತ್ತಾನೆ, ಮುಟ್ಟದ ಹೊರತು ಉಣ್ಣುವುದಿಲ್ಲ. ಬೆಳಿಗ್ಗೆ ಮಾತ್ರೆ ಮಾತ್ರ ತಪ್ಪದೆ ನುಂಗಿರುತ್ತಾನೆ.

ಹಾಗಾಗಿ ಎಡೆ ಇಡಲು ಬೇರೆ ಯಾರನ್ನೂ ನಾನು ಬಿಡುವುದಿಲ್ಲ. ಒಬ್ಬನೇ ಹೋಗಿ, ಹಿತ್ತಿಲ ಬಾಗಿಲು ಮುಂದೆ ಮಾಡಿ, ಮನೆಯ ಕಡೆ ಬೆನ್ನು ತಿರುಗಿಸಿ ಕೂರುತ್ತೇನೆ. ಒಳಗಿನಿಂದ ಅಪ್ಪ, “ಇವನು ಇಟ್ರೆ ಮಾತ್ರ ಅಣ್ಣ ಬರ್ತಾನೆ ನೋಡು” ಎಂದು ನೆಂಟರಿಗೆ ಹೇಳುವುದು ಕೇಳಿಸುತ್ತಿರುತ್ತದೆ. ಹೋದ ವರ್ಷ ಉಪ್ಪು ಸ್ವಲ್ಪ ಹೆಚ್ಚಾಗಿತ್ತು. ಯಾರಿಗೆ ಹೇಳಲಿ?