ನಾನು ಮಾಂಬಳ ಕಾದದ್ದು

ಕೆಲಸವಿಲ್ಲದ ಗಂಡಸು ಮನೆಯಲ್ಲಿ ಕೂತರೆ ಮನೆಯ ಹೆಂಗಸಿಗೆ ಕೆಲಸ ಎರಡರಷ್ಟಾಗುತ್ತದೆ ಎಂಬುದು ನನಗೆ ತಡವಾಗಿ ತಿಳಿಯಿತು. ನಾನು ಬಂಟ್ವಾಳದಲ್ಲಿ ಒಬ್ಬ ವಕೀಲರ ಗುಮಾಸ್ತ. ವರ್ಷದಲ್ಲಿ ಹನ್ನೊಂದು ತಿಂಗಳು ಬೆಳಗ್ಗೆ ಕಡತದ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಹೊರಟರೆ ಮನೆ ಸೇರುವುದು ದೀಪ ಹಚ್ಚುವ ಹೊತ್ತಿಗೆ. ಮೇ ತಿಂಗಳು ಬಂತೆಂದರೆ ಕೋರ್ಟಿಗೆ ರಜೆ. ವಕೀಲರು ಊರಿಗೆ ಹೋಗುತ್ತಾರೆ, ಕಕ್ಷಿದಾರರು ತಮ್ಮ ಜಗಳವನ್ನು ಜೂನಿಗೆ ಮುಂದೂಡಿ ಹಲಸಿನ ಹಣ್ಣು ಬಿಡಿಸುತ್ತಾರೆ, ನಾನು ಜಗಲಿಯಲ್ಲಿ ಕೂತು ಹೆಂಡತಿಗೆ ಸಲಹೆ ಕೊಡುತ್ತೇನೆ. ಒಲೆಗೆ ಸೌದೆ ಇಡುವ ಕ್ರಮ, ಅಕ್ಕಿ ತೊಳೆಯುವ ಕ್ರಮ, ನೀರು ಸೇದುವಾಗ ಹಗ್ಗ ಹಿಡಿಯುವ ಕ್ರಮ, ಇದರಲ್ಲಿ ನನಗೆ ತಿಳಿಯದ್ದು ಯಾವುದೂ ಇಲ್ಲ. ಮಾಡಿ ಅಭ್ಯಾಸವಿಲ್ಲ, ಅಷ್ಟೆ.

ನಮ್ಮ ಜಿಲ್ಲೆ ಮದ್ರಾಸಿನ ಕೈಬಿಟ್ಟು ಮೈಸೂರಿಗೆ ಸೇರಿದ ಮರುವರ್ಷದ ಬೇಸಿಗೆ ಅದು. ಆ ವರ್ಷದ ಸೆಕೆಯನ್ನು ಏನೆಂದು ಹೇಳಲಿ. ನೇತ್ರಾವತಿ ಮರಳಿನ ನಡುವೆ ಎಲ್ಲೋ ಒಂದು ಕಡೆ ಸಣ್ಣಗೆ ಹರಿಯುತ್ತಿದ್ದಳು. ನಮ್ಮ ಬಾವಿಗೆ ಕೊಡಪಾನ ಇಳಿಸಿದರೆ ನೀರಿನ ಸದ್ದಿಗಿಂತ ಮೊದಲು ಕಲ್ಲಿನ ಸದ್ದು ಕೇಳುತ್ತಿತ್ತು. ಮನೆಯ ಎಮ್ಮೆ ಕೂಡ ನನ್ನ ಹಾಗೆ ನೆರಳು ಹುಡುಕಿಕೊಂಡು ಜಾಗ ಬದಲಾಯಿಸುತ್ತ ದಿನ ಕಳೆಯುತ್ತಿತ್ತು. ಅದು ಹಾಲಾದರೂ ಕೊಡುತ್ತದೆ ಎಂದು ನನ್ನ ಹೆಂಡತಿ ಗಿರಿಜೆ ಒಂದೆರಡು ಸಲ ಹೇಳಿದಳು.

ಗಿರಿಜೆಯ ಅಕ್ಕ ಭವಾನಿಯನ್ನು ಕೊಟ್ಟದ್ದು ಬೆಳ್ತಂಗಡಿಯ ಹತ್ತಿರ ಲಾಯಿಲಕ್ಕೆ. ಮದುವೆಯಾಗಿ ಒಂಬತ್ತು ವರ್ಷ ಮಕ್ಕಳಿರಲಿಲ್ಲ. ಕಂಡ ದೇವರಿಗೆಲ್ಲ ಹರಕೆ ಹೊತ್ತು, ಕೊನೆಗೆ ಮನೆಯವರು ಆ ಮಾತೆತ್ತುವುದನ್ನೇ ಬಿಟ್ಟ ಮೇಲೆ, ಆಕೆ ಈಗ ಏಳು ತಿಂಗಳ ಬಸುರಿ. ಆದರೆ ತಿಂದದ್ದು ಯಾವುದೂ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಗಂಜಿಯ ತಿಳಿ ಕೂಡ. ಆಕೆಗೆ ಇದ್ದದ್ದು ಒಂದೇ ಆಸೆ, ನಮ್ಮ ಹಿತ್ತಿಲ ಕಾಡುಜಾತಿಯ ಕಾಟು ಮಾವಿನ ಮಾಂಬಳ. ಲಾಯಿಲದಲ್ಲಿ ಮಾವಿನ ಮರಗಳಿಗೇನೂ ಬರಗಾಲವಿಲ್ಲ. ಆದರೂ ಬಸುರಿಯ ಆಸೆಯ ಮೇಲೆ ಅಪೀಲು ಹೋಗಲು ಯಾವ ಕೋರ್ಟೂ ಇಲ್ಲವಲ್ಲ. ತಿಂಗಳ ಕೊನೆಯಲ್ಲಿ ಬಯಕೆಯ ಊಟ, ಆ ದಿನಕ್ಕೆ ತಂದೇ ತರುತ್ತೇನೆ ಎಂದು ಗಿರಿಜೆ ಅಕ್ಕನಿಗೆ ಕಾರ್ಡು ಹಾಕಿಬಿಟ್ಟಳು.

ಮಾಂಬಳ ಮಾಡುವುದೆಂದರೆ ಒಂದು ದಿನದ ಕೆಲಸವಲ್ಲ. ಬೆಳಗ್ಗೆ ಮಾವಿನ ಹಣ್ಣು ಹಿಂಡಿ ರಸವನ್ನು ಚಾಪೆಯ ಮೇಲೆ ತೆಳ್ಳಗೆ ಹುಯ್ಯಬೇಕು, ಸಂಜೆಯವರೆಗೆ ಬಿಸಿಲಿಗೆ ಒಣಗಿಸಬೇಕು, ಮರುದಿನ ಅದರ ಮೇಲೆ ಇನ್ನೊಂದು ಪದರ, ಅದರ ಮರುದಿನ ಮತ್ತೊಂದು. ಹೀಗೆ ಹತ್ತು ಹನ್ನೆರಡು ದಿನವಾದಾಗ ಚರ್ಮದಷ್ಟು ದಪ್ಪದ, ಕಂದು ಬಣ್ಣದ, ಸಿಹಿಯೂ ಹುಳಿಯೂ ಆದ ಒಂದು ಹಾಳೆ ಸಿಗುತ್ತದೆ. ಇಷ್ಟು ದಿನವೂ ಅದನ್ನು ಯಾರಾದರೂ ಕಾಯಬೇಕು. ಕಾಗೆಯಿಂದ ಹಿಡಿದು ಇರುವೆಯವರೆಗೆ ಎಲ್ಲರಿಗೂ ಅದರ ಮೇಲೆ ಕಣ್ಣು.

"ನೀವು ಹೇಗೂ ಜಗಲಿಯಲ್ಲಿ ಕೂತದ್ದೇ ಅಲ್ಲವಾ?" ಎಂದಳು ಗಿರಿಜೆ. "ಅದನ್ನೇ ಅಂಗಳದಲ್ಲಿ ಕೂತುಕೊಳ್ಳಿ."

ನನ್ನ ನೇಮಕವಾದದ್ದು ಹೀಗೆ. ಅಂಗಳದಲ್ಲಿ ಹಗ್ಗದ ಮಂಚ ಹಾಕಿ, ಅದರ ಮೇಲೆ ಚಾಪೆ ಬಿಡಿಸಿ, ಇರುವೆ ಹತ್ತದ ಹಾಗೆ ಮಂಚದ ನಾಲ್ಕು ಕಾಲುಗಳನ್ನು ನೀರು ತುಂಬಿದ ನಾಲ್ಕು ತೆಂಗಿನ ಗೆರಟೆಗಳಲ್ಲಿ ಇಟ್ಟಳು. ಕಾಗೆ ಹೆದರಲೆಂದು ನನ್ನ ಕೋರ್ಟಿನ ಕಪ್ಪು ಕೊಡೆಯನ್ನು ಬಿಡಿಸಿ ಪಕ್ಕದಲ್ಲಿ ನಿಲ್ಲಿಸಿದಳು. ಮಂಚದ ಬಳಿ ಒಂದು ಮಣೆ, ನನ್ನ ಕೈಗೆ ಒಂದು ಕೋಲು. ನೀರು ಆರಿದ ಹಾಗೆ ಗೆರಟೆಗೆ ತುಂಬಬೇಕು, ನಿದ್ದೆ ಮಾಡಬಾರದು, ಮಾಂಬಳದ ಚೂರು ಕಿತ್ತು ರುಚಿ ನೋಡಬಾರದು ಎಂದು ಮೂರು ಷರತ್ತು. ಮೂರನೆಯದನ್ನು ನಾನು ಮೊದಲ ದಿನವೇ ಮುರಿದೆ.

ಹುಳಹುಪ್ಪಟೆಯ ವಿಷಯದಲ್ಲಿ ನಾನು ಅಲ್ಲಿಯವರೆಗೆ ಶುದ್ಧ ಅಜ್ಞಾನಿ. ನಲವತ್ತು ವರ್ಷ ನನಗೆ ಗೊತ್ತಿದ್ದದ್ದು ಎರಡೇ ಜಾತಿ, ಕಚ್ಚುವಂಥದ್ದು ಮತ್ತು ಕಚ್ಚದಂಥದ್ದು. ಒಮ್ಮೆ ಕೋರ್ಟಿನಲ್ಲಿ ವಿಚಾರಣೆ ನಡೆಯುವಾಗ ಒಂದು ಕಡಜ ಕಟಕಟೆಗೆ ನುಗ್ಗಿತ್ತು. ಒಂದು ಗಂಟೆಯಿಂದ ಕಣ್ಣು ಮಿಟುಕಿಸದೆ ಸುಳ್ಳು ಹೇಳುತ್ತಿದ್ದ ನಮ್ಮ ಸಾಕ್ಷಿ ಅದನ್ನು ಕಂಡದ್ದೇ ಒಂದೇ ನೆಗೆತಕ್ಕೆ ಹೊರಗೆ ಹಾರಿದ. ಆ ಹೊತ್ತಿಗೆ ಅವನು ಮಾಡಿದ ಪ್ರಾಮಾಣಿಕ ಕೆಲಸ ಅದೊಂದೇ. ಜೀವಶಾಸ್ತ್ರದಲ್ಲಿ ನನಗಿದ್ದ ಅನುಭವವೂ ಅದೊಂದೇ.

ಆದರೆ ಮಣೆಯ ಮೇಲೆ ಕೂತ ಮೂರನೆಯ ದಿನದಿಂದ ನನಗೆ ಒಬ್ಬೊಬ್ಬರಾಗಿ ಕಾಣತೊಡಗಿದರು. ಬಾವಿಕಟ್ಟೆ ಒಣಗಿದೆ, ಹೊಳೆ ದೂರ, ಇಲ್ಲಿ ನೋಡಿದರೆ ನಾಲ್ಕು ಗೆರಟೆ ತುಂಬ ನೀರು. ಮೊದಲು ಜೇನುನೊಣಗಳು ಬಂದು ಗೆರಟೆಯ ಅಂಚಿನಲ್ಲಿ ಸಾಲಾಗಿ ಕೂತು ನೀರು ಹೀರಿದವು. ಆಮೇಲೆ ಹಳದಿ ಪಾತರಗಿತ್ತಿಗಳು, ನಿಂಬೆ ಸಿಪ್ಪೆಯ ಬಣ್ಣದವು, ನೀರು ಚೆಲ್ಲಿ ಒದ್ದೆಯಾದ ಮಣ್ಣಿನ ಮೇಲೆ ಗುಂಪಾಗಿ ಇಳಿದವು. ಒಂದು ಕಣಜ ಆ ಮಣ್ಣನ್ನೇ ಉಂಡೆ ಮಾಡಿಕೊಂಡು ಹೋಗಿ ನನ್ನ ಕೊಡೆಯ ಹಿಡಿಯಲ್ಲಿ ಮನೆ ಕಟ್ಟಲು ಹೊರಟಿತು. ನಾನು ಕೋಲಿನಿಂದ ಎರಡು ಸಲ ಕೆಡವಿದೆ, ಅದು ಮೂರನೆಯ ಸಲ ಕಟ್ಟಿತು, ನಾನು ಸ್ವಾಧೀನ ಬಿಟ್ಟುಕೊಟ್ಟೆ. ಒಂದು ಓತಿಕ್ಯಾತ ಬೇಲಿಯ ಗೂಟದ ಮೇಲೆ ಕೂತು ದಿನವಿಡೀ ನನ್ನತ್ತ ತಲೆಯಾಡಿಸುತ್ತಿತ್ತು. ನನ್ನ ಮಾತಿಗೆ ಹಾಗೆ ತಲೆಯಾಡಿಸಿದವರನ್ನು ನಾನು ಮನೆಯೊಳಗೆ ಕಂಡದ್ದಿಲ್ಲವಾದ್ದರಿಂದ ಅದರ ಮೇಲೆ ನನಗೆ ವಿಶೇಷ ಪ್ರೀತಿ ಹುಟ್ಟಿತು. ಅಳಿಲು ಬಂತು, ಅರಣೆ ಬಂತು, ಕುಪ್ಪುಳು ಹಕ್ಕಿ ಕೆಂಪು ಕಣ್ಣು ಬಿಟ್ಟುಕೊಂಡು ಬಂತು. ಮಧ್ಯಾಹ್ನದ ಊಟಕ್ಕೆ ಕೂತಾಗ ನಾನು ಗಿರಿಜೆಗೆ ಅಂದು ಬಂದ ಕಕ್ಷಿದಾರರ ವಿವರ ಒಪ್ಪಿಸುತ್ತಿದ್ದೆ. ಅವಳು ಮಾಂಬಳ ಎಷ್ಟು ಒಣಗಿತು ಎಂದು ಮಾತ್ರ ಕೇಳುತ್ತಿದ್ದಳು.

ಒಂದು ವಾರವಾಗುವಷ್ಟರಲ್ಲಿ ನಾನು ಸಿದ್ಧಾಂತವನ್ನೇ ಕಟ್ಟಿದೆ. ಸೆಕೆ ಹೆಚ್ಚಾದ ಕಾರಣ ಈ ವರ್ಷ ಭೂಮಿಯ ಮೇಲೆ ಹುಳಹುಪ್ಪಟೆ ಹೆಚ್ಚಾಗಿದೆ, ಪಾತರಗಿತ್ತಿಯಂತೂ ಹಿಂದೆಂದೂ ಇಷ್ಟು ಇರಲಿಲ್ಲ. ಸಂಜೆ ಪೇಟೆಯ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಇದನ್ನು ಹೇಳಿದೆ. ಕ್ಷೌರದಂಗಡಿಯಲ್ಲಿ ಸೋಪು ಹಚ್ಚಿದ ಮುಖದಲ್ಲೇ ಹೇಳಿದೆ. ಎಲ್ಲರೂ ಹೌದೆಂದರು; ಸೆಕೆಗೆ ಯಾರಿಗೂ ವಾದ ಮಾಡುವ ಚೈತನ್ಯ ಇರಲಿಲ್ಲ. ಧೈರ್ಯ ಬಂದು, ಪಕ್ಕದ ಮನೆಯ ಕಮಲಕ್ಕನಿಗೂ ಬೇಲಿಯ ಈಚೆಯಿಂದಲೇ ಹೇಳಿದೆ. ಎಪ್ಪತ್ತು ದಾಟಿದ ಮುದುಕಿ, ಆ ಬೇಲಿಯ ಬುಡದಲ್ಲೇ ಬದುಕು ಕಳೆದವಳು. ಹೇಳಿದ್ದನ್ನೆಲ್ಲ ಕೇಳಿ ಎಲೆಯಡಿಕೆ ಉಗಿದು ಬಂದಳು.

"ಹುಳ ಎಲ್ಲ ಪ್ರತಿ ವರ್ಷ ಇಷ್ಟೇ ಉಂಟು ಮಾರಾಯ್ರೆ. ಈ ವರ್ಷ ಜಾಸ್ತಿ ಆದದ್ದು ನೀವು."

ಒಳಗೆ ಗಿರಿಜೆ ನಕ್ಕದ್ದು ಕೇಳಿಸಿತು. ನಾನು ಕೇಳಿಸದವನ ಹಾಗೆ ಕಾಗೆಯೇ ಇಲ್ಲದ ದಿಕ್ಕಿಗೆ ಕೋಲು ಬೀಸಿದೆ.

ಒಂಬತ್ತನೆಯ ದಿನ ಮಧ್ಯಾಹ್ನ ಅದು ಬಂತು. ಅಂಗೈಯಷ್ಟು ಅಗಲ, ಮಸಿಯಷ್ಟು ಕಪ್ಪು, ಹಿಂದಿನ ರೆಕ್ಕೆಯಲ್ಲಿ ತಿಳಿನೀಲಿ. ಅಂಥ ಪಾತರಗಿತ್ತಿಯನ್ನು ನಾನು ಕಂಡದ್ದೇ ಇಲ್ಲ. ಮಂಚದ ಕಾಲಿನ ಬಳಿಯ ಗೆರಟೆಗೆ ಇಳಿಯಲು ನೋಡುತ್ತದೆ, ಜೇನುನೊಣಗಳ ಗಲಾಟೆಗೆ ಏಳುತ್ತದೆ, ಮತ್ತೆ ಬರುತ್ತದೆ. ಇಂಥ ಘನಸ್ಥರನ್ನು ಬಿಸಿಲಲ್ಲಿ ಕಾಯಿಸುವುದು ಯಾವ ನ್ಯಾಯ? ಮಂಚದ ಒಂದು ಕಾಲನ್ನು ಮೆಲ್ಲಗೆ ಎತ್ತಿ ಗೆರಟೆಯನ್ನು ಹೊರಗೆಳೆದು, ಮಾವಿನ ಮರದ ನೆರಳಿನಲ್ಲಿಟ್ಟೆ. ಕಾಲನ್ನು ಬರಿಯ ನೆಲದ ಮೇಲೆ ಊರಿದೆ. ಐದು ನಿಮಿಷದ ಮಟ್ಟಿಗೆ ತಾನೇ ಎಂದುಕೊಂಡೆ. ಪಾತರಗಿತ್ತಿ ನೆರಳಿಗೆ ಬಂತು, ಗೆರಟೆಯಂಚಿನಲ್ಲಿ ಕೂತಿತು, ರೆಕ್ಕೆಯನ್ನು ಮೆಲ್ಲಗೆ ತೆರೆಯುತ್ತ ಮುಚ್ಚುತ್ತ ಕುಡಿಯಿತು. ಅದನ್ನು ನೋಡುತ್ತ ನೋಡುತ್ತ ನನ್ನ ರೆಪ್ಪೆಯೂ ಹಾಗೆಯೇ ತೆರೆದು ಮುಚ್ಚಿ, ಕೊನೆಗೆ ಮುಚ್ಚಿಯೇ ಉಳಿಯಿತು.

ಎಚ್ಚರವಾದದ್ದು ಗಿರಿಜೆ ಕೂಗಿದಾಗ. ಮಾವಿನ ಮರದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಕೆಂಪು ಚಿಗಳಿ ಇರುವೆಗಳು ಇವೆಯಲ್ಲ, ಅವು ಮರದಿಂದ ನೆಲಕ್ಕೆ, ನೆಲದಿಂದ ಆ ಒಂದು ಕಾಲಿಗೆ, ಕಾಲಿನಿಂದ ಮಾಂಬಳಕ್ಕೆ ಗೆರೆ ಎಳೆದ ಹಾಗೆ ಸಾಲು ಹಿಡಿದಿದ್ದವು. ಬೆಳಗ್ಗೆ ಹುಯ್ದ ರಸ ಇನ್ನೂ ಅಂಟಾಗಿತ್ತು. ಅದರ ಮೇಲೆ ಕಾಲಿಟ್ಟವು ಅಲ್ಲಲ್ಲೇ ಸಿಕ್ಕಿಕೊಂಡಿದ್ದವು, ಒಂದೆರಡಲ್ಲ, ಚಾಪೆ ತುಂಬ.

ವಕೀಲರ ಬಳಿ ದುಡಿದವನ ನಾಲಗೆ ಎಚ್ಚರವಾಗುವ ಮೊದಲೇ ವಾದ ಶುರುಮಾಡುತ್ತದೆ. ಈ ವರ್ಷ ಇರುವೆ ಜಾಸ್ತಿ, ಸೆಕೆ ನೋಡು, ಯಾರು ಕೂತಿದ್ದರೂ ಹೀಗೇ ಆಗುತ್ತಿತ್ತು ಎಂದೆ. ಗಿರಿಜೆ ಮರದ ನೆರಳಿನಲ್ಲಿದ್ದ ಗೆರಟೆಯನ್ನು ನೋಡಿದಳು, ಆಮೇಲೆ ಬರಿಗಾಲಿನ ಮಂಚವನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಅವಳ ಕಣ್ಣಿನಲ್ಲಿ ನೀರು ಬಂತು.

"ಅಕ್ಕ ಒಂಬತ್ತು ವರ್ಷದಲ್ಲಿ ನನ್ನ ಹತ್ತಿರ ಬಾಯಿಬಿಟ್ಟು ಕೇಳಿದ್ದು ಇದೊಂದೇ."

ನನಗೆ ನಾಚಿಕೆಯಾಯಿತು. ನಲವತ್ತು ವರ್ಷದ ಗಂಡಸು ಒಂದು ಪಾತರಗಿತ್ತಿಗೆ ನೀರು ಕುಡಿಸಲು ಹೋಗಿ ಬಸುರಿಯ ಬಯಕೆಗೆ ಕಲ್ಲು ಹಾಕಿದೆ ಎಂದು ಯಾರಿಗೆ ಹೇಳಿಕೊಳ್ಳುವುದು? ಇದ್ದದ್ದನ್ನು ಇದ್ದ ಹಾಗೆ ಅವಳಿಗೇ ಹೇಳಿದೆ, ನೀಲಿ ರೆಕ್ಕೆಯ ವರ್ಣನೆ ಸಹಿತ. ಅಷ್ಟರಲ್ಲಿ ಗದ್ದಲ ಕೇಳಿ ಬಂದ ಕಮಲಕ್ಕ ಚಾಪೆಯ ಮೇಲೆ ಬಗ್ಗಿ ನೋಡಿ, ಕೆಳಗಿನ ಪದರಗಳು ಒಣಗಿ ಗಟ್ಟಿಯಾಗಿವೆ, ಮೇಲಿನದನ್ನು ಕೆರೆದರೆ ಸಾಕು ಎಂದು ತೀರ್ಪು ಕೊಟ್ಟಳು. ಒಂದೆರಡು ಉಳಿದರೂ ಗಾಬರಿ ಬೇಡ, ಘಟ್ಟದ ಬುಡದ ನೆರಿಯದ ಕಡೆ ಚಿಗಳಿಯದ್ದೇ ಚಟ್ನಿ ಅರೆಯುತ್ತಾರೆ ಎಂದು ಸಮಾಧಾನವನ್ನೂ ಹೇಳಿದಳು. ಆ ಸಮಾಧಾನ ಗಿರಿಜೆಗೆ ಅಷ್ಟೇನೂ ಹಿಡಿಸಲಿಲ್ಲ.

ಗಿರಿಜೆ ದೋಸೆ ಮಗುಚುವ ಸಟ್ಟುಗದಿಂದ ಮೇಲಿನ ಪದರ ಕೆರೆದು ತೆಗೆದಳು. ಆಮೇಲೆ ಅವಳು ಆ ಬದಿಯಲ್ಲಿ, ನಾನು ಈ ಬದಿಯಲ್ಲಿ ಕೂತು, ಅವಳ ತಲೆಯ ಪಿನ್ನುಗಳನ್ನು ಹಿಡಿದು ಉಳಿದ ಇರುವೆಗಳನ್ನು ಒಂದೊಂದಾಗಿ ಹೆಕ್ಕಿದೆವು. ಸತ್ತವು ಸುಮ್ಮನಿದ್ದವು, ಬದುಕಿದ್ದವು ನನ್ನನ್ನು ಮಾತ್ರ ಹುಡುಕಿ ಕಚ್ಚಿದವು. ನನ್ನ ಕೈಬೆರಳುಗಳು ಊದಿಕೊಂಡದ್ದನ್ನು ನೋಡಿ ಗಿರಿಜೆಗೆ ಕೊನೆಗೆ ನಗು ಬಂತು, ನನಗೆ ಜೀವ ಬಂತು.

ಮರುದಿನ ಬೆಳಗ್ಗೆ ಹೊಸ ಪದರ ಹುಯ್ದು ಅವಳು ಗೆರಟೆ ತಂದಿಟ್ಟಳು. ನಾಲ್ಕಲ್ಲ, ಐದು. ಬಾವಿಯ ತಳ ಕೆರೆದು ಸೇದಿದ ನೀರನ್ನು ಐದಕ್ಕೂ ತುಂಬಿದಳು.

"ನಾಲ್ಕು ಮಂಚಕ್ಕೆ. ಇದೊಂದು ನಿಮ್ಮ ಕಕ್ಷಿದಾರರಿಗೆ. ಇದನ್ನು ಎಲ್ಲಿಗೆ ಬೇಕಾದರೂ ಹೊತ್ತುಕೊಂಡು ಹೋಗಿ."

ಆಮೇಲಿನ ದಿನಗಳಲ್ಲಿ ನಾನು ರೆಪ್ಪೆ ಮುಚ್ಚಲಿಲ್ಲ. ಸಂಜೆ ಸಂಜೆಗೆ ಘಟ್ಟದ ಮೇಲೆ ಮೋಡ ಕಟ್ಟಿ ಗುಡುಗು ಹೆದರಿಸುತ್ತಿತ್ತು, ಮಳೆ ಮಾತ್ರ ನಮ್ಮ ಮೇಲೆ ಕರುಣೆ ತೋರಿಸಿತು. ಬಯಕೆಯ ದಿನ ಬೆಳಗ್ಗೆ ಮಾಂಬಳವನ್ನು ಬಾಳೆ ಎಲೆಯಲ್ಲಿ ಸುತ್ತಿ, ಬಟ್ಟೆಯಲ್ಲಿ ಕಟ್ಟಿ, ಬೆಳ್ತಂಗಡಿಯ ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಹೊರಟೆವು.

ಲಾಯಿಲದಲ್ಲಿ ಊಟವಾದ ಮೇಲೆ ಕಟ್ಟು ಬಿಚ್ಚಿದೆವು. ಭವಾನಿ ಹೂ ಮುಡಿದು ಚಾಪೆಯ ಮೇಲೆ ಕೂತಿದ್ದಳು, ಮುಖ ಸೊರಗಿ ಎರಡು ಕಣ್ಣು ಮಾತ್ರ ದೊಡ್ಡವಾಗಿದ್ದವು. ಒಂದು ಚೂರು ಬಾಯಿಗಿಟ್ಟಳು. ಗಿರಿಜೆ ನನ್ನ ಅಂಗಿಯ ತುದಿ ಹಿಡಿದದ್ದು ನನಗೆ ಗೊತ್ತಾಯಿತು. ಭವಾನಿ ಇನ್ನೊಂದು ಚೂರು ತಿಂದಳು, ಮತ್ತೊಂದು ತಿಂದಳು. ಎಲ್ಲರೂ ಕಾದೆವು. ಏನೂ ಆಗಲಿಲ್ಲ, ತಿಂದದ್ದು ಹೊಟ್ಟೆಯಲ್ಲೇ ನಿಂತಿತು. ಆಕೆಯ ಅತ್ತೆ ಕಣ್ಣೊರೆಸಿಕೊಂಡರು. ಗಿರಿಜೆಯೂ ಒರೆಸಿಕೊಂಡಳು. ನಾನು ಆಚೆ ಮುಖ ಮಾಡಿ ಅದನ್ನೇ ಮಾಡಿದೆ.

"ಭಾವ, ಈ ಸಲದ್ದಕ್ಕೆ ಒಂದು ಬೇರೆಯೇ ಹುಳಿ ಉಂಟು," ಎಂದಳು ಭವಾನಿ. "ಗಿರಿಜೆ ಹೇಳ್ತಾಳೆ, ಕಾದದ್ದು ನೀವಂತೆ. ಎಂತ ಹಾಕಿದ್ದು?"

ಗಿರಿಜೆ ಮಾಡಿನ ಹೆಂಚು ಎಣಿಸತೊಡಗಿದಳು. ಈ ವರ್ಷ ಬಿಸಿಲು ಜೋರಿತ್ತಲ್ಲ, ಅದಕ್ಕೇ ಇರಬೇಕು ಎಂದೆ ನಾನು. ಹಾಗಾದರೆ ಕಾದವರೂ ತಿನ್ನಬೇಕು ಎಂದು ಭವಾನಿ ತನ್ನ ಪಾಲಿನಿಂದಲೇ ಒಂದು ದೊಡ್ಡ ಚೂರು ಕಿತ್ತು ನನ್ನ ಕೈಗಿಟ್ಟಳು. ಬಾಗಿಲಿನ ಬೆಳಕಿಗೆ ಅದು ಒಳಗಿಂದ ಹೊಳೆಯಿತು. ನಟ್ಟನಡುವೆ, ಕಾಲು ಮಡಚಿಕೊಂಡು, ಕಟಕಟೆಯಲ್ಲಿ ನಿಂತ ಸಾಕ್ಷಿಯ ಹಾಗೆ, ಒಂದು ಕೆಂಪು ಚಿಗಳಿ. ಮನೆಯವರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಅದನ್ನು ಇಡಿಯಾಗಿ ಬಾಯಿಗೆ ಹಾಕಿ, ಚೆನ್ನಾಗಿ ಅಗಿದು ನುಂಗಿದೆ. ಭವಾನಿ ಹೇಳಿದ್ದು ಸುಳ್ಳಲ್ಲ, ಹುಳಿ ಬಹಳ ಚೆನ್ನಾಗಿತ್ತು.